ಹಾಳೆ ಮಡಿಸುವ ಭಾನುವಾರ

ಜರ್ಮನಿಯ ಪೂರ್ವ ಗಡಿಯ ಗೋರ್ಲಿಟ್ಸ್‌ಗೆ ನಾನು ಹೋಗಿದ್ದು ಸಂಸತ್ ಚುನಾವಣೆ ನೋಡಲಿಕ್ಕಲ್ಲ, ಕಟ್ಟಡ ನೋಡಲಿಕ್ಕೆ. ಎರಡನೇ ಮಹಾಯುದ್ಧದಲ್ಲಿ ಹೆಚ್ಚುಕಮ್ಮಿ ಪೆಟ್ಟಾಗದೆ ಉಳಿದುಕೊಂಡ ಊರು ಅದು. ಡ್ರೆಸ್ಡನ್‌ನ ಚಿಪ್ ಕಾರ್ಖಾನೆಯೊಂದರಲ್ಲಿ ಪಾಳಿ ಕೆಲಸ ಮಾಡುತ್ತಾ ಎರಡು ವರ್ಷವಾದರೂ ಅಲ್ಲಿಗೆ ಹೋಗಿರಲಿಲ್ಲ. 2025ರ ಫೆಬ್ರವರಿ 22, ಶನಿವಾರ ಬೆಳಿಗ್ಗೆ ರೈಲು ಹತ್ತಿದೆ. ಆ ಮಾರ್ಗಕ್ಕೆ ಇನ್ನೂ ವಿದ್ಯುತ್ ತಂತಿ ಬಂದಿಲ್ಲ, ಓಡುವುದು ಡೀಸೆಲ್ ಗಾಡಿ. ಜರ್ಮನಿಯಲ್ಲಿ ಆ ಸದ್ದು ಕೇಳಿ ಶಿವಮೊಗ್ಗ ಪ್ಯಾಸೆಂಜರ್ ನೆನಪಾಯಿತು.

ಶನಿವಾರ ಎಲ್ಲರೂ ನೋಡುವುದನ್ನೇ ನಾನೂ ನೋಡಿದೆ. ಪೀಟರ್ ಚರ್ಚಿನ ಸೂರ್ಯಮುಖಗಳ ಆರ್ಗನ್ ಚೆನ್ನಾಗಿದೆ. ಸಿನಿಮಾದವರು ಬಂದು ಶೂಟಿಂಗ್ ಮಾಡುವ ಬೀದಿಗಳನ್ನು ಜನ ಯಾಕಷ್ಟು ಹೊಗಳುತ್ತಾರೋ, ನನಗಂತೂ ಸೆಟ್ ಹಾಕಿದ ಹಾಗೇ ಕಂಡಿತು. ಮನಸ್ಸಿನಲ್ಲಿ ಉಳಿದದ್ದು ಒಬ್ಬ ಹೆಸರಿಲ್ಲದ ದಾನಿಯ ಕತೆ. 1995ರಿಂದ 2016ರವರೆಗೆ ಯಾರೋ ಒಬ್ಬರು ವರ್ಷಾವರ್ಷ ಹತ್ತು ಲಕ್ಷ ಮಾರ್ಕ್, ಯೂರೋ ಬಂದ ಮೇಲೆ ಐದು ಲಕ್ಷಕ್ಕೂ ಹೆಚ್ಚು ಯೂರೋ, ಹಳೇ ಊರಿನ ರಿಪೇರಿಗೆಂದು ಕಳಿಸುತ್ತಿದ್ದರಂತೆ. ಗೋಡೆಗೆ ಬಣ್ಣ ಬಂತು. ಒಳಗಿರಬೇಕಾದ ಜನ ಬರಲಿಲ್ಲ. ಒಂದು ಕಾಲಕ್ಕೆ ಲಕ್ಷದ ಹತ್ತಿರವಿದ್ದ ಜನಸಂಖ್ಯೆ ಈಗ ಐವತ್ತಾರು ಸಾವಿರದ ಆಸುಪಾಸು.

ಸಂಜೆ ಒಂದು ಎಡವಟ್ಟು ಮಾಡಿಕೊಂಡೆ. ನೈಸೆ ನದಿಯ ಆಚೆ ದಡ ಪೋಲೆಂಡ್, ಸ್ಗೋಜೆಲೆಟ್ಸ್ ಅಂತ ಊರು. ನಡುವೆ ಕಾಲ್ಸೇತುವೆ. ಎರಡು ನಿಮಿಷ ನಡೆದರೆ ದೇಶ ಬದಲು. ಆಲೂಗಡ್ಡೆ ತುಂಬಿದ ಪಿಯೆರೋಗಿ ತಿಂದುಬರೋಣವೆಂದು ಕೈಬೀಸಿಕೊಂಡು ಹೋದೆ. ವಾಪಸ್ ಬರುವಾಗ ಜರ್ಮನಿ ಕಡೆ ಸಮವಸ್ತ್ರದ ಇಬ್ಬರು. ನನ್ನ ಮುಂದಿದ್ದ ದಂಪತಿ ನಗುತ್ತಾ ದಾಟಿಹೋದರು, ನನ್ನ ಮುಂದೆ ಕೈ ಅಡ್ಡ ಬಂತು. ಪಾಸ್‌ಪೋರ್ಟ್ ಡ್ರೆಸ್ಡನ್‌ನಲ್ಲಿ, ವಾಸದ ಪರವಾನಗಿಯ ಕಾರ್ಡ್ ರೂಮಿನ ಇನ್ನೊಂದು ಬ್ಯಾಗಿನಲ್ಲಿ, ಕೈಯಲ್ಲಿದ್ದದ್ದು ಮೊಬೈಲಿನ ಫೋಟೊ ಮಾತ್ರ. ಫೋಟೊ ನಡೆಯುವುದಿಲ್ಲ. ಇದನ್ನು ಓದುವ ನಮ್ಮವರು ಯಾರಾದರೂ ಆ ಕಡೆ ಹೋದರೆ ದಯವಿಟ್ಟು ಎರಡನ್ನೂ ಜೇಬಿನಲ್ಲೇ ಇಟ್ಟುಕೊಳ್ಳಿ. ಷೆಂಗೆನ್, ಗಡಿ ಇಲ್ಲ ಅಂತ ನಾವು ಓದಿದ್ದು ನಿಜವೇ, ಆದರೆ 2023ರ ಅಕ್ಟೋಬರಿನಿಂದ ಜರ್ಮನಿ ಈ ಗಡಿಯಲ್ಲಿ ತಪಾಸಣೆ ಮಾಡುತ್ತಿದೆ.

ಬೇರೆ ದಾರಿ ಕಾಣದೆ ನಾನು ಉಳಿದುಕೊಂಡಿದ್ದ ಮನೆಯ ಯಜಮಾನರಿಗೆ ಫೋನ್ ಮಾಡಿದೆ. ಎಪ್ಪತ್ತೊಂದು ವರ್ಷದ ಮುದುಕ. ಬ್ಯಾಗ್ ತೆಗೆದು ನೋಡಿ ಅಂದೆ. ಇಪ್ಪತ್ತು ನಿಮಿಷಕ್ಕೆ ಕಾರ್ಡ್ ಹಿಡಿದು, ಮನೆಯೊಳಗೆ ಹಾಕುವ ಚಪ್ಪಲಿಯಲ್ಲೇ ಸೇತುವೆ ಹತ್ತಿರ ಬಂದರು. ಸಮವಸ್ತ್ರದವರಿಗೆ ಏನೋ ಗದರಿದ್ದೂ ಕೇಳಿಸಿತು. ಅವರ ಸ್ಯಾಕ್ಸನ್ ಜರ್ಮನ್, ಅಂದರೆ ಈ ಸ್ಯಾಕ್ಸನಿ ರಾಜ್ಯದ ಆಡುಮಾತು, ನನಗೆ ಅರ್ಧಂಬರ್ಧ ಅರ್ಥವಾಗುತ್ತೆ.

ಭಾನುವಾರ ಬೆಳಿಗ್ಗೆ ತಿಂಡಿಗೆ ಕೂತವಳು ಹನ್ನೊಂದರವರೆಗೂ ಏಳಲಿಲ್ಲ.

ಅವರು ಊರಿನ ರೈಲು ಬೋಗಿ ಕಾರ್ಖಾನೆಯಲ್ಲಿ ವೆಲ್ಡರ್ ಆಗಿದ್ದವರು. 1849ರಲ್ಲಿ ಶುರುವಾದ ಕಾರ್ಖಾನೆ, ಡಬಲ್ ಡೆಕ್ಕರ್ ಬೋಗಿಗಳಿಗೆ ಹೆಸರುವಾಸಿ. ಆಗಿನ ಮಾಲೀಕರು ಫ್ರೆಂಚ್ ಕಂಪನಿ ಆಲ್‌ಸ್ಟಮ್. ಬೋಗಿ ಸಾಕು ಅಂದಿದ್ದರು. ಫೆಬ್ರವರಿ 5ರಂದು ಆಗಿನ ಚಾನ್ಸಲರ್ ಶೋಲ್ಸ್ ಬಂದು ನಿಂತಿದ್ದ ಸಮಾರಂಭದಲ್ಲಿ ಯುದ್ಧ ಟ್ಯಾಂಕ್ ಮಾಡುವ ಕೆ.ಎನ್.ಡಿ.ಎಸ್. ಕಂಪನಿಗೆ ಕಾರ್ಖಾನೆ ವಹಿಸುವ ಒಪ್ಪಂದವಾಯಿತು. ಕೆಲಸ ಉಳಿಯುವುದು ಅರ್ಧದಷ್ಟು ಜನರಿಗಂತೆ.

"ನಮ್ಮೂರಲ್ಲೂ ಕಾರ್ಖಾನೆ ಸೈರನ್ ಕೇಳಿಯೇ ಗಡಿಯಾರ ಸರಿಮಾಡ್ಕೊಳ್ತಿದ್ವಿ" ಅಂದೆ. ಭದ್ರಾವತಿಯವಳು ನಾನು. ಇದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿ ಬಂದಿರಲಿಲ್ಲ, ಅವರಿಗೂ ಬೇಕಾಗಲಿಲ್ಲ.

"ಇವತ್ತು ಮಡಿಸೋಕೆ ಹೋಗ್ಬೇಕು" ಅಂದರು. ಏನು ಮಡಿಸೋದು? ನಕ್ಕರು. ಕಮ್ಯುನಿಸ್ಟ್ ಪೂರ್ವ ಜರ್ಮನಿಯಲ್ಲಿ ಮತ ಹಾಕುವುದಕ್ಕೆ ಜನ ಹಾಗೆ ಅನ್ನುತ್ತಿದ್ದರಂತೆ. ಒಂದೇ ಪಟ್ಟಿ. ಹಾಳೆ ಈಸಿಕೊಳ್ಳುವುದು, ಮಡಿಸುವುದು, ಡಬ್ಬಿಗೆ ಹಾಕುವುದು. ಮರೆಯ ಹಿಂದೆ ಹೋದರೆ ಅನುಮಾನ. 1989ರ ಮೇ ತಿಂಗಳ ಸ್ಥಳೀಯ ಚುನಾವಣೆಯಲ್ಲಿ ಶೇ. 98.85 ಒಪ್ಪಿಗೆ ಎಂದು ಸರ್ಕಾರ ಸಾರಿತು. ಅದೇ ವರ್ಷ ನವೆಂಬರಿಗೆ ಬರ್ಲಿನ್ ಗೋಡೆ ಬಿತ್ತು.

"ಆಮೇಲೆ?"

"ಆಮೇಲೆ ಪಶ್ಚಿಮದವರು ಬಂದು ನಾವು ಮಾಡಿದ್ದೆಲ್ಲ ಗುಜರಿ ಅಂದ್ರು. ಹೆಂಡತಿಯ ಬಟ್ಟೆ ಮಿಲ್ಲು 91ರಲ್ಲಿ ಮುಚ್ಚಿತು. ಮಗಳು ಸ್ಟುಟ್‌ಗಾರ್ಟ್‌ಗೆ ಹೋದಳು. ಮೊಮ್ಮಗ ಆಡೋ ಜರ್ಮನ್ ನನಗೆ ತಿಳಿಯಲ್ಲ."

ಯಾರಿಗೆ ಹಾಕ್ತೀರಿ ಅಂತ ಕೇಳಬಾರದಿತ್ತು, ಕೇಳಿಬಿಟ್ಟೆ. "ನೀಲಿ" ಅಂದರು, ಮುಚ್ಚುಮರೆಯಿಲ್ಲದೆ. ನೀಲಿ ಅಂದರೆ ಎ.ಎಫ್.ಡಿ. 2013ರಲ್ಲಿ ಯೂರೋ ವಿರೋಧಿಸಲು ಹುಟ್ಟಿ, 2015ರ ನಿರಾಶ್ರಿತರ ಅಲೆಯ ಮೇಲೆ ಬೆಳೆದ ಪಕ್ಷ. ಸ್ಯಾಕ್ಸನಿಯ ಘಟಕವನ್ನು ರಾಜ್ಯದ ಗುಪ್ತಚರ ಇಲಾಖೆಯೇ ಬಲಪಂಥೀಯ ಉಗ್ರವಾದಿ ಎಂದು ಗುರುತಿಸಿದೆ.

"ಅವರು ಬಂದು ಕಾರ್ಖಾನೆ ಉಳಿಸ್ತಾರಾ?"

"ಇಲ್ಲ. ಅವರ ಕೈಲಿ ಏನೂ ಆಗಲ್ಲ. ಆದರೆ ಇವತ್ತು ರಾತ್ರಿ ಟಿ.ವಿ.ಯಲ್ಲಿ ಬರ್ಲಿನ್‌ನವರು ನಮ್ಮೂರ ಹೆಸರು ಹೇಳ್ತಾರೆ ನೋಡಿ. ಬೇರೆ ಯಾವತ್ತೂ ಹೇಳಲ್ಲ."

ಜನವರಿಯಲ್ಲಿ ರೀಸಾ ಊರಿನ ಸಮಾವೇಶದಲ್ಲಿ ಆ ಪಕ್ಷದ ಆಲಿಸ್ ವೈಡೆಲ್ 'ರೆಮಿಗ್ರೇಷನ್' ಎಂಬ ಮಾತನ್ನು ವೇದಿಕೆಯಲ್ಲೇ ಆಡಿದ್ದರು. ಬಂದವರನ್ನು ಹಿಂದಕ್ಕೆ ಕಳಿಸುವುದು ಅಂತ. ಆ ಪಟ್ಟಿಯಲ್ಲಿ ನಾನೂ ಇದ್ದೇನಾ ಅಂತ ಕೇಳಿದೆ.

"ಛೆ, ನಿಮಗಲ್ಲ ಅದು. ನೀವು ದುಡಿಯೋರು."

"ನಿನ್ನೆ ಸೇತುವೆ ಮೇಲೆ ಅದು ನನ್ನ ಮುಖದಲ್ಲಿ ಬರೆದಿರಲಿಲ್ಲವಲ್ಲ?"

ಉತ್ತರ ಬರಲಿಲ್ಲ. ಎದ್ದು ಹೋಗಿ ಕೇಕಿನ ಇನ್ನೊಂದು ತುಂಡು ತಂದು ನನ್ನ ತಟ್ಟೆಗೆ ಹಾಕಿದರು. ತಿಂದೆ. ಚೆನ್ನಾಗಿತ್ತು, ಅದೇ ಸಿಟ್ಟು.

ಮತಗಟ್ಟೆಗೆ ಅವರ ಜೊತೆಗೇ ಹೋದೆ. ಶಾಲೆಯ ಒಂದು ಕೋಣೆ. ಪೊಲೀಸರಿಲ್ಲ, ನೂರು ಮೀಟರಿನ ಸುಣ್ಣದ ಗೆರೆಯಿಲ್ಲ, ಬೆರಳಿಗೆ ಶಾಯಿಯಿಲ್ಲ. ಒಬ್ಬಾಕೆ ನಾಯಿಯನ್ನೂ ಕರೆತಂದಿದ್ದಳು. ಸಂಜೆ ಆರಕ್ಕೆ ಮತದಾನ ಮುಗಿದ ಮೇಲೆ ಅದೇ ಕೋಣೆಯಲ್ಲಿ ಎಣಿಕೆ, ಯಾರು ಬೇಕಾದರೂ ನೋಡಬಹುದು ಅಂದರು ಅಲ್ಲಿದ್ದವರು. ನಾನು ಪರದೇಶಿ ಅಂದೆ. ಯಾರು ಬೇಕಾದರೂ ಅಂದರೆ ಯಾರು ಬೇಕಾದರೂ ಅಂದರು.

ಆರಕ್ಕೆ ಹೋಗಿ ಮಕ್ಕಳ ಕುರ್ಚಿಯಲ್ಲಿ ಕೂತೆ. ಡಬ್ಬಿ ಮಗುಚಿದರು. ಯಂತ್ರದ ಬೀಪ್ ಕೇಳಿ ಬೆಳೆದವಳಿಗೆ ಆ ಕಾಗದದ ರಾಶಿಯೇ ಬೆರಗು. ಒಂದೊಂದು ಹಾಳೆಯಲ್ಲೂ ಎರಡು ಮತ: ಎಡಕ್ಕೆ ಕಪ್ಪಕ್ಷರದಲ್ಲಿ ಅಭ್ಯರ್ಥಿಗೆ, ಬಲಕ್ಕೆ ನೀಲಿಯಕ್ಷರದಲ್ಲಿ ಪಕ್ಷಕ್ಕೆ. ಎರಡೂ ಒಂದೇ ಪಕ್ಷಕ್ಕಿದ್ದರೆ ಆ ಪಕ್ಷದ ಗುಡ್ಡೆಗೆ, ಬೇರೆಬೇರೆಯಾಗಿದ್ದರೆ ಬೇರೆ ಗುಡ್ಡೆಗೆ. ಹಾಳೆಯ ಮೊದಲ ಸಾಲೇ ಎ.ಎಫ್.ಡಿ.ಯದು, ಹಿಂದಿನ ಸಲ ಸ್ಯಾಕ್ಸನಿಯಲ್ಲಿ ಹೆಚ್ಚು ಮತ ಬಿದ್ದದ್ದು ಅವರಿಗೇ. ಬಿಡಿಸುತ್ತಿದ್ದ ಹುಡುಗಿ ಪ್ರತಿ ಹಾಳೆಯನ್ನೂ ಅಂಗೈಯಿಂದ ನೀವಿ ಇಡುತ್ತಿದ್ದಳು. ಒಂದು ಗುಡ್ಡೆ ಮಿಕ್ಕವನ್ನೆಲ್ಲ ಬಿಟ್ಟು ಏರುತ್ತಾ ಹೋಯಿತು. ಯಾರೂ ಏನೂ ಅನ್ನಲಿಲ್ಲ. ಆ ರಾಶಿಯಲ್ಲಿ ಚಪ್ಪಲಿಯಲ್ಲಿ ಓಡಿಬಂದವರ ಹಾಳೆ ಎಲ್ಲಿದೆಯೋ ಅಂತ ಹುಡುಕುತ್ತಿದ್ದೆ, ಹುಚ್ಚಿ.

ದೇಶದಲ್ಲಿ ಆ ಪಕ್ಷಕ್ಕೆ ಶೇ. 20.8 ಬಂತು, ಹಿಂದಿನ ಸಲದ ದುಪ್ಪಟ್ಟು. ಗೋರ್ಲಿಟ್ಸ್ ಕ್ಷೇತ್ರದಲ್ಲಿ ಶೇ. 46 ದಾಟಿತು. ಗೆದ್ದವರು ಅದರ ಸಹ ಅಧ್ಯಕ್ಷ ಟಿನೋ ಕ್ರುಪಾಲ್ಲಾ, ಕಸುಬಿನಿಂದ ಬಣ್ಣ ಬಳಿಯುವವರು. ಜನ ಬೇಸತ್ತು ಮನೆಯಲ್ಲಿ ಕೂತರು ಅನ್ನುವಂತೆಯೂ ಇಲ್ಲ, ಮತದಾನ ಶೇ. 82.5, ಎರಡು ಜರ್ಮನಿ ಒಂದಾದ ಮೇಲೆ ಅಷ್ಟು ಜನ ಮತ ಹಾಕಿದ್ದೇ ಇಲ್ಲ.

ಬೆಳಿಗ್ಗೆ ಹೊರಡುವಾಗ ಮುದುಕ ಟಿ.ವಿ. ವಿಷಯ ಎತ್ತಲಿಲ್ಲ. ಡ್ರೆಸ್ಡನ್‌ನಲ್ಲಿ ಯಾವ ರೈಲಲ್ಲಿ ಕೆಲಸಕ್ಕೆ ಹೋಗ್ತೀರಿ ಅಂತ ಕೇಳಿದರು. ವಿಮಾನನಿಲ್ದಾಣದ ಕಡೆ ಹೋಗುವ ಡಬಲ್ ಡೆಕ್ಕರ್ ಅಂದೆ. "ಬಾಗಿಲ ಮೇಲೆ ಎಲ್ಲಿ ತಯಾರಾಯ್ತು ಅನ್ನೋ ಫಲಕ ಇರುತ್ತೆ, ನೋಡಿ."

ಮಂಗಳವಾರ ಪಾಳಿಗೆ ಹೋಗುವಾಗ ನೋಡಿದೆ. ಫಲಕ ಇತ್ತು, ಅದರ ಮೇಲೆ ಯಾರೋ ಫುಟ್‌ಬಾಲ್ ಕ್ಲಬ್ಬಿನ ಸ್ಟಿಕ್ಕರ್ ಅಂಟಿಸಿದ್ದರು. ಉಗುರಿನಿಂದ ಕೆರೆದೆ. 'ಗೋರ್' ತನಕ ಬಂತು, ಅಷ್ಟರಲ್ಲಿ ನನ್ನ ಸ್ಟೇಷನ್.