‘ನಮ್ಮದು ಏನೂ ಮಾಡಲ್ಲ ಮೇಡಂ’

9 ಫೆಬ್ರವರಿ 2025, ಭಾನುವಾರ ರಾತ್ರಿ

“ಕಚ್ಚೋ ನಾಯಿ ಆದ್ರೆ ಪಾರ್ಕಿಗೆ ಯಾಕೆ ಕರ್ಕೊಂಡು ಬರ್ತೀರಿ?” ಎಂದು ಇಂದು ಬೆಳಿಗ್ಗೆ ಕಬ್ಬನ್ ಪಾರ್ಕಿನಲ್ಲಿ ಹಿರಿಯರೊಬ್ಬರು ನನ್ನನ್ನು ಕೇಳಿದರು. ಆ ಪ್ರಶ್ನೆಗೆ ನಾನು ಅಲ್ಲೇ ಉತ್ತರ ಕೊಟ್ಟೆನಾದರೂ, ಕೊಟ್ಟ ಉತ್ತರ ಅವರ ಕಿವಿಗೆ ಬಿದ್ದಿತೆಂದು ನನಗೆ ಅನ್ನಿಸುತ್ತಿಲ್ಲ. ಅವರ ಕೈಯಲ್ಲಿ ಲೀಶ್ ಇತ್ತು. ಆದರೆ ಅದರ ಇನ್ನೊಂದು ತುದಿಯಲ್ಲಿ ನಾಯಿ ಇರಲಿಲ್ಲ.

ಭಾನುವಾರ ಪಾರ್ಕಿನೊಳಗೆ ವಾಹನಗಳಿಗೆ ಪ್ರವೇಶವಿಲ್ಲದಿರುವುದರಿಂದ ನಗರದ ಅರ್ಧದಷ್ಟು ನಾಯಿಗಳು ಅಲ್ಲಿಗೇ ಬರುತ್ತವೆ. ನಮ್ಮ ಮುಧೋಳ ನಾಯಿ ಬೆಳ್ಳಿಯನ್ನು ನಾನು ಜನ ಕಡಿಮೆ ಇರುವ ಬಿದಿರು ಮೆಳೆಗಳ ಕಡೆಗೇ ಕರೆದೊಯ್ಯುತ್ತೇನೆ. ಅಲ್ಲಿ ನೆರಳು ಚೆನ್ನಾಗಿದೆ, ಆದರೆ ತಿರುವಿನಲ್ಲಿ ಎದುರಿನಿಂದ ಬರುವವರು ಕಾಣುವುದಿಲ್ಲ. ಹಾಗೆ ಕಾಣದೆ ಬಂದದ್ದು ಒಂದು ದಷ್ಟಪುಷ್ಟ ಲ್ಯಾಬ್ರಡಾರ್. ಬಾಲ, ಸೊಂಟ, ಕಿವಿ ಎಲ್ಲವನ್ನೂ ಒಟ್ಟಿಗೆ ಅಲ್ಲಾಡಿಸುತ್ತ ನೇರವಾಗಿ ನಮ್ಮತ್ತ ಓಡಿಬಂತು. ಅದು ಒಳ್ಳೆಯ ನಾಯಿ ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಅದರ ಹಿಂದೆ ಮೂವತ್ತು ಹೆಜ್ಜೆ ದೂರದಿಂದ ಆ ಹಿರಿಯರು ಕೈ ಎತ್ತಿ ಕೂಗಿದರು: “ನಮ್ಮದು ಏನೂ ಮಾಡಲ್ಲ ಮೇಡಂ, ತುಂಬಾ ಫ್ರೆಂಡ್ಲಿ!”

ನಾನು ನೋಡುತ್ತಿದ್ದುದು ಬೆಳ್ಳಿಯನ್ನು. ಅವಳ ಬಾಯಿ ತಟ್ಟನೆ ಮುಚ್ಚಿಕೊಂಡಿತು, ತೂಕವೆಲ್ಲ ಮುಂಗಾಲಿಗೆ ಬಂತು, ಹೆಗಲಿನಿಂದ ಬೆನ್ನಿನುದ್ದಕ್ಕೆ ಕೂದಲು ಗೀರಿನಂತೆ ಎದ್ದು ನಿಂತಿತು. ಬಾಲವೂ ಅಲ್ಲಾಡುತ್ತಿತ್ತು, ಆದರೆ ಮೇಲಕ್ಕೆ ಸೆಟೆದುಕೊಂಡು ತುದಿ ಮಾತ್ರ ಅಲ್ಲಾಡುತ್ತಿತ್ತು. ಬಾಲ ಅಲ್ಲಾಡಿದರೆ ಸಂತೋಷವೆಂದು ಎಷ್ಟು ಜನ ತಿಳಿದಿದ್ದಾರೋ! ಬಿಟ್ಟ ನಾಯಿಗಳು ಒಂದನ್ನೊಂದು ಸಂಧಿಸುವಾಗ ಬಳಸಿಕೊಂಡು ಬಂದು ಪಕ್ಕದಿಂದ ಮೂಸುತ್ತವೆ. ಕಟ್ಟಿದ ನಾಯಿಗೆ ಬಳಸಲು ಜಾಗವಿಲ್ಲ, ಓಡಲು ದಾರಿಯಿಲ್ಲ, ಮುಖಕ್ಕೆ ಮುಖ ಕೊಟ್ಟು ನಿಲ್ಲುವುದೊಂದೇ ಉಳಿಯುತ್ತದೆ. ನಾನು ಬೆಳ್ಳಿಯನ್ನು ಹಿಂದಕ್ಕೆ ತಂದುಕೊಂಡು ಎರಡರ ನಡುವೆ ನಿಂತು, ಸೊಂಟದ ಚೀಲದಲ್ಲಿದ್ದ ಬೇಯಿಸಿದ ಕೋಳಿಯ ಚೂರುಗಳನ್ನು ಹಿಡಿ ತುಂಬ ತೆಗೆದು ಬರುತ್ತಿದ್ದ ನಾಯಿಯ ಮುಂದೆ ನೆಲಕ್ಕೆ ಎರಚಿದೆ. ಲ್ಯಾಬ್ರಡಾರ್ ಜಾತಿಯ ಮೇಲೆ ಈ ವಿಷಯದಲ್ಲಿ ಪೂರ್ಣ ನಂಬಿಕೆ ಇಡಬಹುದು. ಅದು ತಲೆ ಬಗ್ಗಿಸಿ ಹೆಕ್ಕತೊಡಗಿತು. ನಾವು ಬಂದ ದಾರಿಯಲ್ಲೇ ಹಿಂದಿರುಗಿದೆವು.

“ಸರ್, ಹಿಡ್ಕೊಳ್ಳಿ” ಎಂದೆ.

“ಹೇಳಿದ್ನಲ್ಲ, ಅದು ಏನೂ ಮಾಡಲ್ಲ.”

“ನಮ್ಮದು ಮಾಡುತ್ತೆ ಸರ್.”

ಆಗ ಬಂದದ್ದು ಆ ಪ್ರಶ್ನೆ.

ಬೆಳ್ಳಿ ಲೀಶಿನಲ್ಲಿದ್ದಾಳೆ, ಆದ್ದರಿಂದಲೇ ಕರೆತರುತ್ತೇನೆ ಎಂದು ನಾನು ಹೇಳಿದೆ. ಅಪರಿಚಿತ ನಾಯಿ ಮೈಮೇಲೆ ಬರುವುದನ್ನು ಸಹಿಸದ ನಾಯಿಗೂ ಹುಲ್ಲು, ಮಣ್ಣು, ಗಾಳಿ ಬೇಕಾಗುತ್ತದೆ. ಅದನ್ನು ಹಿಡಿತದಲ್ಲಿಟ್ಟುಕೊಂಡು ನಡೆಸುವವಳಿಗೆ ಪಾರ್ಕಿನ ಮೇಲೆ ಇರುವ ಹಕ್ಕು, ಸ್ನೇಹಜೀವಿ ನಾಯಿಯನ್ನು ಬಿಟ್ಟು ನಡೆಸುವವರಿಗಿಂತ ಒಂದು ತೂಕ ಹೆಚ್ಚೇ ಎಂಬುದು ನನ್ನ ಅಭಿಪ್ರಾಯ. ತಮ್ಮ ನಾಯಿ ಏನು ಮಾಡುತ್ತದೆ ಎಂಬ ಭರವಸೆಯನ್ನು ಅವರು ಕೊಡಬಹುದು, ಎದುರಿನ ನಾಯಿಯ ಪರವಾಗಿ ಕೊಡಲಾರರು. ಎದುರಿನ ನಾಯಿಗೆ ಮೊನ್ನೆ ತಾನೇ ಶಸ್ತ್ರಚಿಕಿತ್ಸೆ ಆಗಿರಬಹುದು, ಕಣ್ಣು ಮಂದವಾಗಿರಬಹುದು, ಬೀದಿಯಲ್ಲಿ ಹಿಂದೆಂದೋ ಕಚ್ಚಿಸಿಕೊಂಡಿರಬಹುದು. ಇದು ನಾಯಿಯ ಜಾತಿಯ ಪ್ರಶ್ನೆಯೇ ಅಲ್ಲ.

ಆದರೆ ಅವರು ಅದನ್ನು ಜಾತಿಯ ಪ್ರಶ್ನೆಯನ್ನಾಗಿಯೇ ಮಾಡಿದರು. ನನ್ನ ಜೊತೆಗಿದ್ದ ಸುಮಾ ಬೆಳ್ಳಿಯನ್ನು ಬ್ಯಾಂಡ್‌ಸ್ಟ್ಯಾಂಡಿನ ಕಡೆಗೆ ಕರೆದುಕೊಂಡು ಹೋದ ಮೇಲೆ ನಾನೊಬ್ಬಳೇ ಹಿಂದಿರುಗಿ ಬಂದು ಮಾತಿಗೆ ನಿಂತಿದ್ದೆ. “ಅದು ಬೇಟೆ ನಾಯಿ ಅಲ್ವಾ? ಅಂಥವನ್ನೆಲ್ಲ ಬ್ಯಾನ್ ಮಾಡಿದಾರಲ್ಲ” ಎಂದರು. ಮುಧೋಳ ಬೇಟೆ ನಾಯಿಯೇ ಹೌದು. ಅಂಚೆ ಇಲಾಖೆ 2005ರಲ್ಲಿ ಅದರ ಚಿತ್ರವಿರುವ ಅಂಚೆಚೀಟಿ ತಂದಿದೆ. ಆದರೆ 2024ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ್ದ ಸುತ್ತೋಲೆಯ 23 ತಳಿಗಳಲ್ಲಿ ಮುಧೋಳ ಇರಲಿಲ್ಲ. ಅಲ್ಲದೆ ಆ ಸುತ್ತೋಲೆಯನ್ನೇ ನಮ್ಮ ಹೈಕೋರ್ಟು ಅದೇ ವರ್ಷ ಏಪ್ರಿಲ್‌ನಲ್ಲಿ ರದ್ದುಪಡಿಸಿತು. ಇಷ್ಟನ್ನೂ ಹೇಳಿದೆ. ಹೇಳುತ್ತಿರುವಾಗಲೇ, ಗೆಲ್ಲುವ ಮಾತು ಇದಲ್ಲ ಎಂಬುದೂ ತಿಳಿಯುತ್ತಿತ್ತು, ಏಕೆಂದರೆ ಅವರು ನನ್ನ ಮುಖ ನೋಡದೆ ತಮ್ಮ ಬಲಭುಜವನ್ನು ಎಡಗೈಯಿಂದ ಒತ್ತಿಕೊಳ್ಳುತ್ತಿದ್ದರು.

“ಭುಜದ ಆಪರೇಷನ್ ಆಗಿದೆ ಮೇಡಂ. ಇವನು ಎಳೆದ್ರೆ ನನ್ನ ಕೈಲಿ ಹಿಡಿಯೋಕೆ ಆಗಲ್ಲ. ಅದಕ್ಕೇ ಬಿಡೋದು.”

ಕೈಯಲ್ಲಿ ಹಿಡಿಯಲಾಗದ ನಾಯಿಯನ್ನು ಬಿಟ್ಟುಬಿಡುವುದು ಪರಿಹಾರವಲ್ಲ ಎಂಬುದು ಎಷ್ಟು ಸ್ಪಷ್ಟವೋ, ಆ ವಯಸ್ಸಿನಲ್ಲಿ ಭುಜದ ನೋವನ್ನು ಅಪರಿಚಿತಳ ಮುಂದೆ ಹೇಳಿಕೊಳ್ಳುವುದು ಸುಲಭವಲ್ಲ ಎಂಬುದೂ ಅಷ್ಟೇ ಸ್ಪಷ್ಟವಾಗಿತ್ತು. ಎದೆಯ ಕಡೆ ಕೊಂಡಿಯಿರುವ ಮೈಪಟ್ಟಿ, ಅಂದರೆ ಹಾರ್ನೆಸ್ ಹಾಕಿದರೆ, ಎಳೆದಾಗ ನಾಯಿ ಪಕ್ಕಕ್ಕೆ ತಿರುಗುವುದರಿಂದ ಭುಜದ ಮೇಲೆ ಅಷ್ಟು ಭಾರ ಬೀಳುವುದಿಲ್ಲ ಎಂದು ಹೇಳಿದೆ. ಅವರ ಮುಖ ಗಂಟಾಯಿತು. “ನಾಯಿ ಸಾಕೋದನ್ನ ನೀವು ನನಗೆ ಹೇಳ್ಕೊಡಬೇಡಿ. ಇದು ನಮ್ಮನೇಲಿ ಮೂರನೇ ನಾಯಿ” ಎಂದರು.

ಅಲ್ಲಿಗೆ ನಿಲ್ಲಿಸಬಹುದಿತ್ತು, ನಿಲ್ಲುತ್ತಿತ್ತು ಕೂಡ. ಆದರೆ ಎರಡು ಪಗ್‌ಗಳನ್ನು ಹಿಡಿದು ನಿಂತಿದ್ದ ಹುಡುಗನೊಬ್ಬ ಮೊಬೈಲ್ ಎತ್ತಿ ಚಿತ್ರೀಕರಣ ಆರಂಭಿಸಿದ. ಕ್ಯಾಮೆರಾ ಕಂಡ ಕ್ಷಣದಿಂದ ಆ ಹಿರಿಯರು ನನ್ನೊಡನೆ ಮಾತನಾಡುವುದನ್ನು ಬಿಟ್ಟು ಕಾಣದ ಜನರೊಡನೆ ಮಾತನಾಡತೊಡಗಿದರು. ದನಿ ಏರಿತು, ಕೈ ಬೀಸತೊಡಗಿತು, ಲ್ಯಾಬ್ರಡಾರ್ ಅವರ ಕಾಲಿಗೆ ಸುತ್ತಿಕೊಂಡು ಬೊಗಳಿತು, ಪಗ್‌ಗಳು ಅದಕ್ಕೆ ಓಗೊಟ್ಟವು. ಯಾರಿಗಾದರೂ ಕಚ್ಚಿದ್ದರೆ ವಿಡಿಯೊ ಸಾಕ್ಷಿಯಾಗುತ್ತದೆ, ಒಪ್ಪುತ್ತೇನೆ. ಏನೂ ಆಗದ ಜಾಗದಲ್ಲಿ ಅದು ಇಲ್ಲದ ಜಗಳವನ್ನು ಹುಟ್ಟಿಸುತ್ತದೆ. ನಾನು ನಮಸ್ಕಾರ ಹೇಳಿ ಹೊರಟೆ.

ಮಧ್ಯಾಹ್ನ ಜಮಖಂಡಿಯ ಭಾವನಿಗೆ ಫೋನು ಮಾಡಿದಾಗ ಎಲ್ಲವನ್ನೂ ಹೇಳಿದೆ. ಬೆಳ್ಳಿ ಅವರ ಹೊಲದ ಮನೆಯಲ್ಲೇ ಹುಟ್ಟಿದವಳಾದ್ದರಿಂದ ಅವಳ ವಿಷಯದಲ್ಲಿ ನಮಗಿಂತ ಹೆಚ್ಚಿನ ಅಧಿಕಾರ ತಮಗಿದೆ ಎಂಬುದು ಅವರ ನಂಬಿಕೆ. ಅವರು ನಕ್ಕು ಹೇಳಿದ್ದು ಇಷ್ಟು: “ತಂಗೀ, ಮೊದಲ ನಾಯಿ ದೂರ ಒಯ್ಯಬೇಕು, ಆಮ್ಯಾಲೆ ಬೇಕಾದ್ರ ಜಗಳಾ ತಗೀಬೇಕು. ನೀ ಸಿಟ್ಟಾದ್ರ ಹಗ್ಗ ಬಿಗೀತದ. ಹಗ್ಗ ಬಿಗಿದ್ರ, ಅವ್ವ ಅಂಜ್ಯಾಳ ಅಂತ ನಾಯಿ ತಿಳೀತದ.” ತರಬೇತಿಗೆಂದು ನಾನು ತೆತ್ತ ಹಣದಲ್ಲಿ ಕಲಿತದ್ದೂ ಹೆಚ್ಚು ಕಡಿಮೆ ಇದನ್ನೇ.

ಹತ್ತಿರ ಹತ್ತಿರ ನಿಂತು, ಎರಡೂ ನಾಯಿಗಳ ತಲೆಯ ಮೇಲೆ ಮಾಲೀಕರು ವಾದ ಮಾಡುವುದನ್ನು ನಾನು ನಮ್ಮ ಬಡಾವಣೆಯ ಪಾರ್ಕಿನಲ್ಲೂ ಕಂಡಿದ್ದೇನೆ. ಕಚ್ಚಾಟ ಶುರುವಾದರೆ ಮೊದಲು ಹೋಗುವುದು ಕೈ. ಕೊರಳಪಟ್ಟಿ ಹಿಡಿಯಲು ಬಾಯಿಗಳ ನಡುವೆ ಕೈ ಹಾಕಿದವರಿಗೆ ಅನೇಕ ವೇಳೆ ಕಚ್ಚುವುದು ಅವರದೇ ನಾಯಿ. ನೀರು ಎರಚುವುದು, ಛತ್ರಿ ಬಿಚ್ಚಿ ನಡುವೆ ಒಡ್ಡುವುದು, ಜೋರಾಗಿ ಸದ್ದು ಮಾಡುವುದು ಇವುಗಳಿಗೆ ಕೈ ಕೊಡಬೇಕಾಗಿಲ್ಲ. ಹಲ್ಲು ತಾಗಿದರೆ ಯಾರ ತಪ್ಪೆಂಬ ಚರ್ಚೆಗೆ ಮೊದಲು ಸೋಪು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯಬೇಕು, ಬಳಿಕ ಆಸ್ಪತ್ರೆಗೆ ಹೋಗಬೇಕು, ಆ ನಾಯಿಯ ರೇಬೀಸ್ ಲಸಿಕೆಯ ಕಾರ್ಡ್ ಕೇಳಬೇಕು. ಕೂಗಾಡಿ ಬೇರ್ಪಟ್ಟ ಇಬ್ಬರು ಕಾರ್ಡ್ ತೋರಿಸಿಕೊಳ್ಳುವುದು ಕಷ್ಟ. ಆದ್ದರಿಂದ ಮರ್ಯಾದೆಯ ಮಾತಿಗೆ ಇಲ್ಲೊಂದು ಲೌಕಿಕ ಉಪಯೋಗವೂ ಇದೆ.

ಕಾನೂನು ಇಲ್ಲವೆಂದಲ್ಲ. ಸಾಕಿದ ಪ್ರಾಣಿಯಿಂದ ಇತರರಿಗೆ ಅಪಾಯವಾಗದಂತೆ ಎಚ್ಚರ ವಹಿಸದವರಿಗೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನಲ್ಲಿ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೇ ಐದು ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ ಇವೆ. ಅದನ್ನು ಭುಜ ನೋಯುವವರೊಬ್ಬರ ಮುಂದೆ ಮೊದಲ ಮಾತಾಗಿ ಹೇಳುವ ಮನಸ್ಸು ನನಗೆ ಬರಲಿಲ್ಲ, ಅಷ್ಟೆ. ಕಚ್ಚಿದ ಮೇಲೂ “ಏನೂ ಮಾಡಲ್ಲ” ಎನ್ನುವವರಿದ್ದಾರೆ. ಅವರಿಗೆ ಹೇಳಲು ನನಗೆ ಸಂಕೋಚವಿಲ್ಲ.

ಈಗ ರಾತ್ರಿ ನಮ್ಮ ಭಾನುವಾರದ ವಾಟ್ಸಾಪ್ ಗುಂಪಿನಲ್ಲಿ ಆ ವಿಡಿಯೊ ಬಂದಿದೆ. ಜೊತೆಗೊಂದು ಪತ್ರದ ಕರಡು: ಇಂಥವರನ್ನು ಪಾರ್ಕಿನೊಳಗೆ ಬಿಡಬಾರದೆಂದು ತೋಟಗಾರಿಕೆ ಇಲಾಖೆಗೆ ಬರೆದದ್ದು, ಹಿರಿಯರ ಮುಖದ ಚಿತ್ರ ಸಮೇತ. ಸಹಿ ಹಾಕಿದವರಲ್ಲಿ ಇಬ್ಬರು ತಮ್ಮ ನಾಯಿಗಳನ್ನು ಬಿಟ್ಟೇ ಓಡಾಡಿಸುವವರು ಎಂಬುದನ್ನು ಸುಮಾ ತೋರಿಸಿದಳು. 2022ರಲ್ಲಿ ಜುಲೈ 1ರಿಂದ ಕಬ್ಬನ್ ಪಾರ್ಕಿಗೆ ಸಾಕುನಾಯಿಗಳನ್ನೇ ತರುವಂತಿಲ್ಲ ಎಂಬ ಸುದ್ದಿ ಬಂದಾಗ ಇಲಾಖೆ ಮುಂದಿಟ್ಟಿದ್ದ ಕಾರಣಗಳಲ್ಲಿ ಬಿಟ್ಟ ನಾಯಿಗಳ ಮೇಲಿನ ದೂರುಗಳೂ ಇದ್ದವು. ಅದು ಜಾರಿಯಾಗಲಿಲ್ಲ, ಆದರೆ ಆ ವಾರ ಗುಂಪಿನಲ್ಲಿ ಎಷ್ಟು ಅಳು, ಎಷ್ಟು ಓಡಾಟ ಇತ್ತೆಂಬುದು ಇವರಿಗೆ ಮರೆತೇಹೋಗಿದೆ. ಎಲ್ಲ ನಾಯಿಗಳಿಗೂ ಲೀಶ್ ಎಂದು ಬರೆದು, ಆ ಚಿತ್ರವನ್ನು ತೆಗೆದರೆ ನನ್ನ ಸಹಿ ಇದೆ ಎಂದು ತಿಳಿಸಿದ್ದೇನೆ. ಪಗ್‌ಗಳ ಹುಡುಗ ನನಗೇ ಪ್ರತ್ಯೇಕವಾಗಿ ಬರೆದು, “ಆಂಟಿ, ನಿಮಗೋಸ್ಕರಾನೇ ಮಾಡಿದ್ದು” ಎನ್ನುತ್ತಿದ್ದಾನೆ. ಅವನಿಗೆ ಏನೆಂದು ಉತ್ತರಿಸುವುದು? ನನಗೋಸ್ಕರ ಮಾಡುವುದಿದ್ದರೆ ಆ ಹೊತ್ತಿನಲ್ಲಿ ಫೋನು ಕೆಳಗಿಳಿಸಿ ಆ ಲ್ಯಾಬ್ರಡಾರನ್ನು ಒಂದು ನಿಮಿಷ ಹಿಡಿದುಕೊಂಡಿದ್ದರೆ...