ಕ್ಲೀನಪ್ ರೂಲು ನುಂಗಿದ ಲ್ಯಾಕ್ಸ್‌ಟನ್ ಹೊಲಗಳು

ಮ್ಯಾಪ್ ಡಿಜಿಟೈಸ್ ಮಾಡುವವರಿಗೆ, ಅಂದ್ರೆ ನಕ್ಷೆಯ ಗೆರೆಗಳನ್ನು ಕಂಪ್ಯೂಟರಿನಲ್ಲಿ ಮತ್ತೆ ಎಳೆಯುವವರಿಗೆ, ಸ್ಲಿವರ್ ಅಂದ್ರೆ ಏನು ಅಂತ ಹೇಳಬೇಕಿಲ್ಲ. ಎರಡು ಪಾಲಿಗನ್ (ಒಂದು ಹೊಲವನ್ನೋ ಜಾಗವನ್ನೋ ಸುತ್ತಿ ಎಳೆದ ಆಕಾರ) ನಡುವೆ ಗೆರೆಗೆ ಗೆರೆ ಸರಿಯಾಗಿ ಕೂರದೆ ಉಳಿಯುವ ತೆಳ್ಳನೆಯ ಕಸ. ಅದನ್ನು ಹುಡುಕಿ ಪಕ್ಕದ ಪಾಲಿಗನ್‌ಗೆ ಸೇರಿಸುವ ಕ್ಲೀನಪ್ ರೂಲು ನಮ್ಮ ಆಫೀಸಿನಲ್ಲೂ ಇದೆ. ಆ ರೂಲು ಒಂದು ಹಳ್ಳಿಯ ಅರ್ಧಕ್ಕರ್ಧ ಹೊಲಗಳನ್ನು ನುಂಗಿಬಿಟ್ಟಿತ್ತು. ಡೆಲಿವರಿ ಹೋಗುವುದಕ್ಕೆ ಸ್ವಲ್ಪ ಮೊದಲು ಗೊತ್ತಾಯಿತು. ನೆನೆಸಿಕೊಂಡರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಹಳ್ಳಿಯ ಹೆಸರು ಲ್ಯಾಕ್ಸ್‌ಟನ್. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ಶೈರ್‌ನಲ್ಲಿದೆ. ಒಂದು ಚರ್ಚು, ಒಂದು ಪಬ್ಬು, ನಾರ್ಮನ್ನರ ಕಾಲದ ಕೋಟೆಯ ಮಣ್ಣುದಿಬ್ಬ, ಬೀದಿಗೆ ಮಗ್ಗುಲು ಕೊಟ್ಟು ನಿಂತ ಇಟ್ಟಿಗೆಯ ಮನೆಗಳು. ನೋಡಲು ಇಷ್ಟೇ. ಆದರೆ ಇಂಗ್ಲೆಂಡಿನಲ್ಲಿ ಬೇರೆ ಕಡೆ ಹೆಚ್ಚುಕಮ್ಮಿ ಅಳಿದೇ ಹೋದ ಒಂದು ಬೇಸಾಯ ಪದ್ಧತಿ ಅಲ್ಲಿ ಇನ್ನೂ ನಡೆಯುತ್ತಿದೆ. ಊರಿನ ಸುತ್ತ ಬೇಲಿಯಿಲ್ಲದ ಮೂರು ದೊಡ್ಡ ಬಯಲುಗಳು: ವೆಸ್ಟ್ ಫೀಲ್ಡ್, ಸೌತ್ ಫೀಲ್ಡ್, ಮಿಲ್ ಫೀಲ್ಡ್. ಪ್ರತಿ ಬಯಲಿನಲ್ಲೂ ಉದ್ದುದ್ದ ಪಟ್ಟೆಗಳು. ಒಬ್ಬ ರೈತನ ಪಟ್ಟೆಗಳು ಮೂರೂ ಬಯಲುಗಳಲ್ಲಿ ಹರಡಿಕೊಂಡಿರುತ್ತವೆ. ಒಂದು ವರ್ಷ ಒಂದು ಬಯಲಿಗೆ ಚಳಿಗಾಲದ ಗೋಧಿ, ಇನ್ನೊಂದಕ್ಕೆ ವಸಂತದಲ್ಲಿ ಬಿತ್ತುವ ಬೆಳೆ, ಮೂರನೆಯದು ಬೀಳು. ಮುಂದಿನ ವರ್ಷ ಸರದಿ ಬದಲು. ಜಮೀನೆಲ್ಲಾ ಒಂದೇ ಬಯಲಿನಲ್ಲಿದ್ದರೆ ಅದು ಬೀಳು ಬಿದ್ದ ವರ್ಷ ಮನೆಮಂದಿ ಏನು ತಿನ್ನಬೇಕು? ಒಳ್ಳೆ ಮಣ್ಣೂ ಕೆಟ್ಟ ಮಣ್ಣೂ ಎಲ್ಲರಿಗೂ ಹಂಚಿಹೋಗಲಿ ಅನ್ನುವ ಲೆಕ್ಕವೂ ಇದರಲ್ಲಿದೆ.

ನಮ್ಮ ಕೈಗೆ ಬಂದಿದ್ದು 1635ರ ನಕ್ಷೆಯ ಸ್ಕ್ಯಾನ್. ಸರ್ ವಿಲಿಯಂ ಕೋರ್ಟನ್ ಎಂಬ ಜಮೀನುದಾರ ಮಾಡಿಸಿದ್ದು, ಮಾರ್ಕ್ ಪಿಯರ್ಸ್ ಎಂಬ ಸರ್ವೆಯರ್ ಬರೆದದ್ದು. ಮೂಲ ಪ್ರತಿ ಆಕ್ಸ್‌ಫರ್ಡಿನ ಬಾಡ್ಲಿಯನ್ ಲೈಬ್ರರಿಯಲ್ಲಿದೆ. ಅದರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಪಟ್ಟೆಗಳಿವೆ. ಪಟ್ಟೆಗಳ ಮೇಲೆಯೇ ಪುಟ್ಟಪುಟ್ಟ ಜನ: ಉಳುವವರು, ಕೊಯ್ಯುವವರು, ಬೇಟೆಯಾಡುವವರು. ನಮ್ಮ ಆಪರೇಟರ್‌ಗಳು ಜೂಮ್ ಮಾಡಿ, ಆ ಉಳುವವನ ಕಾಲಡಿಯಿಂದ ಗೆರೆ ಎಲ್ಲಿ ಹೊರಡುತ್ತದೆ ಅಂತ ನೋಡಿ ನೋಡಿ ಎಳೆದಿದ್ದರು. ಚರ್ಚು, ಕೋಟೆಯ ದಿಬ್ಬ, ರಸ್ತೆ ಕೂಡುವ ಜಾಗ ಹಿಡಿದು ಜಿಸಿಪಿ, ಅಂದ್ರೆ ಹಳೇ ನಕ್ಷೆಯನ್ನು ಇಂದಿನ ನೆಲಕ್ಕೆ ಹೊಂದಿಸುವ ಗುರುತು ಬಿಂದುಗಳನ್ನು ಕೊಟ್ಟಿದ್ದೆವು. ಆರ್‌ಎಂಎಸ್, ಅಂದ್ರೆ ಹೊಂದಿಸಿದ ಮೇಲೂ ಉಳಿಯುವ ತಪ್ಪು, ಅಷ್ಟು ಕಡಿಮೆ ಇದ್ದದ್ದು ನೋಡಿ ನಮಗೇ ಆಶ್ಚರ್ಯ. ಸುಮಾರು 390 ವರ್ಷ ಹಿಂದೆ ನೆಲದ ಮೇಲೆ ನಡೆದು ಅಳೆದವನ ಕೈ ಅಷ್ಟು ಗಟ್ಟಿ. ಇಂಥ ಶೀಟು ನಮ್ಮ ಪಾಲಿಗೆ ಸುಮ್ನೆ ಸಿಗುವುದಿಲ್ಲ.

ನಕ್ಷೆಯ ಜೊತೆಗೆ ಟೆರಿಯರ್ ಇದೆ. ಯಾವ ಪಟ್ಟೆ ಯಾರದ್ದು, ಎಷ್ಟು ಎಕರೆ, ಎಷ್ಟು ರೂಡ್, ಎಷ್ಟು ಪರ್ಚ್ (ಎಕರೆಗಿಂತ ಚಿಕ್ಕ ಹಳೇ ಅಳತೆಗಳು) ಅಂತ ಬರೆದ ಲೆಕ್ಕ. ನಮ್ಮ ಪಹಣಿ ಇದ್ದಹಾಗೆ. ಅದನ್ನು ಬೇರೆ ಟೀಮು ಟೈಪ್ ಮಾಡಿ ಟೇಬಲ್ ಮಾಡಿತ್ತು. ಕೊನೆಗೆ ಆ ಟೇಬಲನ್ನು ಪಾಲಿಗನ್‌ಗಳಿಗೆ ಜಾಯಿನ್ ಮಾಡಿ, ಅಂದ್ರೆ ಐಡಿ ಹಿಡಿದು ಜೋಡಿಸಿ ಕೊಡುವುದು ನಮ್ಮ ಕೆಲಸ.

ಆಮೇಲೆ ಕ್ಲೀನಪ್ ಓಡಿಸಿದರು. ರೂಲು ನೋಡುವುದು ಥಿನ್‌ನೆಸ್ ರೇಶಿಯೋ, ಅಂದ್ರೆ ಆಕಾರ ಎಷ್ಟು ತೆಳ್ಳಗಿದೆ ಅನ್ನುವ ಅಳತೆ. ತೆಳ್ಳಗಾದಷ್ಟೂ ಸಂಖ್ಯೆ ಕಡಿಮೆ. ವೃತ್ತಕ್ಕೆ 1, ಚೌಕಕ್ಕೆ ಸುಮಾರು 0.79. 0.2ಕ್ಕಿಂತ ಕಡಿಮೆ ಬಂದದ್ದೆಲ್ಲಾ ಸ್ಲಿವರ್ ಅಂತ ಹಿಡಿದು ಪಕ್ಕಕ್ಕೆ ಸೇರಿಸುತ್ತದೆ. ಈಗ ಒಂದು ಅರ್ಧ ಎಕರೆ ಪಟ್ಟೆ ತಗೊಳ್ಳಿ. 660 ಅಡಿ ಉದ್ದ, 33 ಅಡಿ ಅಗಲ. ಅದರ ರೇಶಿಯೋ 0.14. ರೂಲಿನ ಪ್ರಕಾರ ಅದು ಕಸ.

ಆ 33 ಅಡಿ ನೋಡಿದಾಗಲೇ ನನ್ನ ಎದೆ ಹೊಡೆದುಕೊಂಡಿತು. ನಮ್ಮ ಭೂಮಾಪನದ ಸರಪಳಿಯೂ 33 ಅಡಿ ಅಲ್ವಾ. ಸರಪಳಿ ಉದ್ದ, ಸರಪಳಿ ಅಗಲ ಅಂದ್ರೆ ಒಂದು ಗುಂಟೆ. ಅಂಥ 40 ಸೇರಿದರೆ ಒಂದು ಎಕರೆ. ಆ ಪಟ್ಟೆಯಲ್ಲಿ 20 ಗುಂಟೆ ಒಂದೇ ಸಾಲಿನಲ್ಲಿ ನಿಂತಿವೆ. ನಮ್ಮೂರಲ್ಲಿ 20 ಗುಂಟೆಯನ್ನು ಯಾರಾದರೂ ಕಸ ಅಂದರೆ ಸುಮ್ಮನಿರುತ್ತಾರಾ? ಅಣ್ಣತಮ್ಮಂದಿರು ಒಂದು ಬದುವಿಗಾಗಿ ಕೋರ್ಟು ಹತ್ತಿದ್ದನ್ನು ನೋಡಿ ಬೆಳೆದವರು ನಾವು.

ಶುಕ್ರವಾರ ಸಂಜೆ. ಫೈಲ್ ಜಿಪ್ ಆಗಿ ಅಪ್‌ಲೋಡ್ ಶುರುವಾಗಿತ್ತು. ಹೋಲ್ಡ್ ಮಾಡಿ ಅಂದೆ. ಟೀಮ್ ಲೀಡ್ ಸ್ಕ್ರೀನ್ ತಿರುಗಿಸಿ, "ಕ್ಯೂಸಿ ರಿಪೋರ್ಟ್ ಫುಲ್ ಗ್ರೀನ್ ಇದೆ ಮೇಡಂ, ಇನ್ನೇನು?" ಅಂದರು. ನಿಜ. ಕ್ಯೂಸಿ ಅಂದ್ರೆ ಕ್ವಾಲಿಟಿ ಚೆಕ್. ಗ್ಯಾಪ್ ಇಲ್ಲ, ಓವರ್‌ಲ್ಯಾಪ್ ಇಲ್ಲ, ನಕಲು ಐಡಿ ಇಲ್ಲ. ಪ್ರತಿ ಪಾಲಿಗನ್‌ಗೂ ಟೇಬಲ್‌ನಲ್ಲಿ ಒಂದು ಹೆಸರು ಸಿಕ್ಕಿದೆ. ಅಷ್ಟರಲ್ಲಿ ಮ್ಯಾನೇಜರ್ ಬಂದರು.

ರೇಶಿಯೋ ತೋರಿಸಿದರೆ ಸಾಕು, ಒಪ್ಪಿಕೊಳ್ಳುತ್ತಾರೆ ಅಂತ ನನ್ನ ಅಂದಾಜು. ವೈಟ್‌ಬೋರ್ಡ್‌ನಲ್ಲಿ ಲೆಕ್ಕ ಬರೆದೆ, ಫಾರ್ಮುಲಾ ಹೇಳಿದೆ. ಅಂದಾಜು ಪೂರ್ತಿ ತಲೆಕೆಳಗಾಯಿತು. "ಪೈಲಟ್‌ನಲ್ಲಿ ಇದೇ ರೂಲು ಪಾಸಾಗಿದೆ. ಕ್ಲೈಂಟ್ ಸೈನ್ ಮಾಡಿದ್ದಾರೆ. ಈಗ ಸ್ಪೆಕ್ ಮುಟ್ಟಬೇಡಿ" ಅಂದರು ಮ್ಯಾನೇಜರ್. ಅಪ್‌ಲೋಡ್ ಬಾರ್ ಮುಂದೆ ಹೋಗುತ್ತಲೇ ಇತ್ತು. ನಾನು ಮಾತಾಡಿದಷ್ಟೂ ಅವರು ಗಡಿಯಾರ ನೋಡುತ್ತಿದ್ದರು. ನನ್ನ ದನಿ ಏರುತ್ತಿರುವುದು ನನಗೇ ಕೇಳಿಸುತ್ತಿತ್ತು.

ಪೈಲಟ್, ಅಂದ್ರೆ ಮೊದಲು ಪ್ರಯೋಗಕ್ಕೆ ಮಾಡಿದ ಕಂತು, ಪಾಸಾದದ್ದು ಸುಳ್ಳಲ್ಲ. ಆದರೆ ಪೈಲಟ್‌ಗೆ ಕೊಟ್ಟ ಊರುಗಳೆಲ್ಲಾ ಎನ್‌ಕ್ಲೋಷರ್ ಆದವು. ಹದಿನೆಂಟು, ಹತ್ತೊಂಬತ್ತನೇ ಶತಮಾನದಲ್ಲಿ ಪಾರ್ಲಿಮೆಂಟಿನ ಕಾಯ್ದೆಗಳ ಮೂಲಕ ಇಂಗ್ಲೆಂಡಿನ ಊರೂರಲ್ಲೂ ಪಟ್ಟೆಗಳನ್ನು ಅಳಿಸಿ, ಒಬ್ಬೊಬ್ಬರಿಗೂ ಒಂದೇ ಕಡೆ ಜಮೀನು ಕೊಟ್ಟು ಬೇಲಿ ಹಾಕಿಸಿದರು. ಅಲ್ಲಿ ಹೊಲ ಅಂದ್ರೆ ಅಗಲವಾದ ತುಂಡು. ಆ ನಕ್ಷೆಯಲ್ಲಿ ತೆಳ್ಳಗೆ ಕಂಡದ್ದು ನಿಜವಾಗಿಯೂ ಕಸವೇ. ಲ್ಯಾಕ್ಸ್‌ಟನ್‌ನ ಮೂರು ಬಯಲುಗಳು ಇದರಿಂದ ತಪ್ಪಿಸಿಕೊಂಡವು. ಅಲ್ಲಿನ ದೊಡ್ಡ ಜಮೀನುದಾರರ ನಡುವೆ ಒಪ್ಪಂದ ಕೂಡಿಬರಲಿಲ್ಲ ಎಂಬುದು ಸಾಮಾನ್ಯವಾಗಿ ಹೇಳುವ ಕಾರಣ. ಬೇಲಿ ಹಾಕಿದ ಊರುಗಳನ್ನು ನೋಡಿ ಬರೆದ ರೂಲನ್ನು ಬೇಲಿ ಹಾಕದ ಊರಿನ ಮೇಲೆ ಓಡಿಸಿದರೆ ಏನಾಗಬೇಕೋ ಅದೇ ಆಯಿತು.

ಪರಿಸ್ಥಿತಿ ತಿರುಗಿಸಿದ್ದು ನಾನಲ್ಲ. ಗದಗ ಕಡೆಯ ಹುಡುಗನೊಬ್ಬ, ಟ್ರೈನಿ. ಆ ಶೀಟಿನಲ್ಲಿ ಹೆಚ್ಚು ಗೆರೆ ಎಳೆದವನು ಅವನೇ. ಮೆಲ್ಲಗೆ ಬಂದು, "ಅಕ್ಕಾರ, ಜಾಯಿನ್ ತಿರುವಿ ಹಾಕಿ ನೋಡ್ರಿ" ಅಂದ. ಅಂದ್ರೆ ಪಾಲಿಗನ್‌ನಿಂದ ಟೇಬಲ್‌ಗೆ ಅಲ್ಲ, ಟೇಬಲ್‌ನಿಂದ ಪಾಲಿಗನ್‌ಗೆ. ಹಾಕಿದೆವು. ನಲ್ ಬಂದ ಸಾಲುಗಳು ಸ್ಕ್ರೀನ್ ತುಂಬಿ ಕೆಳಗೆ ಓಡುತ್ತಲೇ ಇದ್ದವು. ಹೆಸರಿದೆ, ಎಕರೆ ಇದೆ, ರೂಡ್ ಇದೆ, ಹೊಲ ಇಲ್ಲ. ಮ್ಯಾನೇಜರ್ ಮೌಸ್ ತಗೊಂಡು ತಾವೇ ಸ್ಕ್ರೋಲ್ ಮಾಡಿದರು. ಮುಗಿಯಲೇ ಇಲ್ಲ. "ಅಪ್‌ಲೋಡ್ ನಿಲ್ಲಿಸಿ" ಅಂದರು.

ಕ್ಲೈಂಟ್‌ಗೆ ಕಾಲ್ ಮಾಡಿದಾಗ ಅವರು ಮೊದಲು ಕೇಳಿದ್ದು "ರಾ ಫೈಲ್ ಇದೆ ತಾನೆ?" ಅಂತ. ನಮ್ಮ ಟೂಲು ಇನ್‌ಪುಟ್ ಫೈಲಿನ ಮೇಲೆಯೇ ಬರೆಯುತ್ತದೆ. ಇಷ್ಟು ವರ್ಷವಾದರೂ ಅದನ್ನು ಸರಿಮಾಡಿಸಿಲ್ಲ. ನಾವೆಲ್ಲಾ ಮುಖ ಮುಖ ನೋಡಿಕೊಂಡೆವು. ಅದೇ ಹುಡುಗ ತನ್ನ ಡ್ರೈವ್‌ನಲ್ಲಿ ಕ್ಲೀನಪ್‌ಗೆ ಮುಂಚಿನ ಕಾಪಿ ಇಟ್ಟಿದ್ದ. ಯಾರೂ ಹೇಳಿರಲಿಲ್ಲ. ಅಷ್ಟು ಕಣ್ಣು ಕೀಲಿಸಿ ಎಳೆದ ಗೆರೆ, ಬಿಸಾಡಲು ಮನಸ್ಸಾಗಲಿಲ್ಲ ಅಂದ. ಆ ಕಾಪಿ ಇಲ್ಲದಿದ್ದರೆ ಇಡೀ ಶೀಟು ಮತ್ತೆ ಮೊದಲಿಂದ.

ಶನಿವಾರ ಕೂತು ಕೈಯಲ್ಲೇ ಚೆಕ್ ಮಾಡಿದೆವು. ಆಗ ಇನ್ನೊಂದು ವಿಷಯ ಹೊರಬಂತು. ಪಟ್ಟೆಗಳ ಕೊನೆಯಲ್ಲಿ, ತಗ್ಗಿನಲ್ಲಿ, ಆಪರೇಟರ್‌ಗಳು ಹೆಸರಿಲ್ಲದೆ ಖಾಲಿ ಬಿಟ್ಟ ಜಾಗಗಳಿದ್ದವು. ಅವು ಸೈಕ್‌ಗಳು. ಉಳಲು ಬಾರದ ಹುಲ್ಲಿನ ಜಾಗ. ಅದರ ಹುಲ್ಲನ್ನು ವರ್ಷಕ್ಕೊಮ್ಮೆ ಊರವರ ನಡುವೆ ಹರಾಜು ಹಾಕುವ ಪದ್ಧತಿ. ಉಳದೇ ಬಿಟ್ಟಿದ್ದರಿಂದ ಅಲ್ಲಿ ಕಾಡುಹೂಗಳು ಉಳಿದಿವೆ, ಸರ್ಕಾರದ ರಕ್ಷಣೆಯೂ ಇದೆ. ಗ್ಯಾಪ್ ಚೆಕ್ ಅವನ್ನೂ ತುಂಬಿಸಿಬಿಟ್ಟಿತ್ತು. ಒಂದೊಂದನ್ನೂ ತೆಗೆದು ಪ್ರತ್ಯೇಕ ಕ್ಲಾಸ್ ಕೊಟ್ಟೆವು.

ಲ್ಯಾಕ್ಸ್‌ಟನ್ ಜನ ಈ ಗಡಿಗಳನ್ನು ಹೇಗೆ ಕಾಯುತ್ತಾರೆ ಗೊತ್ತಾ? ಕೋರ್ಟ್ ಲೀಟ್ ಅಂತ ಊರಿನದೇ ಒಂದು ನ್ಯಾಯಸಭೆ ಇದೆ. ಹಳೇ ಕಾಲದ್ದು, ಈಗಲೂ ಕಾನೂನಿನ ಮಾನ್ಯತೆ ಇರುವಂಥದ್ದು. ಪ್ರತಿ ವರ್ಷ ನವೆಂಬರ್ ಕೊನೆಗೆ ಅದರ ಜ್ಯೂರಿ, ಅಂದ್ರೆ ಬೇಸಾಯಗಾರರೇ, ಗೋಧಿ ಬಿತ್ತಿದ ಬಯಲಿಗೆ ಹೋಗಿ ಪಟ್ಟೆ ಪಟ್ಟೆ ನಡೆದು ನೋಡುತ್ತಾರೆ. ಗಡಿಗೆ ಗೂಟ ಹೊಡೆಯುತ್ತಾರೆ. ಯಾರಾದರೂ ದಾರಿಗೋ ಸೈಕ್‌ಗೋ ನೇಗಿಲು ಒತ್ತಿದ್ದರೆ ಬರೆದುಕೊಳ್ಳುತ್ತಾರೆ. ವಾರದ ನಂತರ ಡವ್‌ಕೋಟ್ ಇನ್ ಎಂಬ ಪಬ್ಬಿನಲ್ಲಿ ಸಭೆ ಸೇರಿ ದಂಡ ಹಾಕುತ್ತಾರೆ. 1635ರ ಸಾವಿರಾರು ಪಟ್ಟೆಗಳು ಒಟ್ಟುಗೂಡುತ್ತಾ ಬಂದು ಈಗ ಉಳಿದಿರುವುದು ಇನ್ನೂರರೊಳಗೆ. ಜಮೀನಿನ ಒಡೆತನವೂ ಕೈ ಬದಲಾಗಿದೆ: 1952ರಲ್ಲಿ ಕೃಷಿ ಸಚಿವಾಲಯ, 1981ರಲ್ಲಿ ಕ್ರೌನ್ ಎಸ್ಟೇಟ್, 2020ರಲ್ಲಿ ಥೋರ್ಸ್‌ಬಿ ಎಸ್ಟೇಟ್. ಗೂಟ ಹೊಡೆಯುವುದು ಮಾತ್ರ ನಿಂತಿಲ್ಲ. ಇಷ್ಟು ಜನ ಇಷ್ಟು ಕಾಲ ನಡೆದು ಕಾಪಾಡಿದ ಗೆರೆಯನ್ನು, ಆಕಾರ ಸರಿಯಿಲ್ಲ ಅಂತ ನಾವು ಒಂದು ಬಟನ್‌ನಲ್ಲಿ ಅಳಿಸುವುದೆಂದರೆ ನನಗೆ ಸಹಿಸಲಾಗುವುದಿಲ್ಲ.

ಈ ಕೆಲಸದಲ್ಲಿರುವ ಗೆಳೆಯರಿಗೆ ಹೇಳುವುದು: ಜಾಯಿನ್ ಎರಡೂ ಕಡೆಯಿಂದ ಹಾಕಿ. ಟೇಬಲ್‌ನ ಒಟ್ಟು ಎಕರೆ, ನಕ್ಷೆಯ ಒಟ್ಟು ಎಕರೆ ತಾಳೆಯಾದರೆ ಸಾಲದು, ಯಾಕಂದ್ರೆ ನುಂಗಿದ ಹೊಲ ಪಕ್ಕದವನ ಲೆಕ್ಕದಲ್ಲಿ ಸೇರಿರುತ್ತದೆ. ಕ್ಲೀನಪ್‌ಗೆ ಮುಂಚಿನ ಕಾಪಿ ಬೇರೆ ಫೋಲ್ಡರ್‌ನಲ್ಲಿ ಇಡಿ. ಪೈಲಟ್‌ಗೆ ಸುಲಭದ ಊರು ಆರಿಸುವ ಮ್ಯಾನೇಜರ್‌ಗೆ, ಕಷ್ಟದ ಊರನ್ನೂ ಒಂದು ಸೇರಿಸಿ ಅಂತ ಮೊದಲೇ ಮೇಲ್ ಹಾಕಿ.

ಆ ಹುಡುಗ ಈಗ ಕ್ಯೂಸಿಯಲ್ಲಿದ್ದಾನೆ, ಕೇಳಿ ನನ್ನ ಟೀಮಿಗೆ ಹಾಕಿಸಿಕೊಂಡೆ. ಟೂಲಿನ ಡೀಫಾಲ್ಟ್ ಮಾತ್ರ ಇನ್ನೂ 0.2ರಲ್ಲೇ ಇದೆ. ಬದಲಾಯಿಸಲು ಹಾಕಿದ ಟಿಕೆಟ್ ಲೋ ಪ್ರಯಾರಿಟಿಯಲ್ಲಿ ಬಿದ್ದಿದೆ. ಪ್ರತಿ ಸೋಮವಾರದ ಮೀಟಿಂಗಿನಲ್ಲಿ ಅದನ್ನು ಎತ್ತುತ್ತಿದ್ದೇನೆ. ಈ ಸೋಮವಾರವೂ ಎತ್ತುತ್ತೇನೆ.