ರಾಡಾರ್ ಪರದೆಯ ಮುಂದೆ ಕೂರುವವರನ್ನು ಯಾವಾಗ ಕರೆಯಬೇಕು?

ಹೊಸ ವ್ಯವಸ್ಥೆ ರೂಪಿಸುವಾಗ ಅದನ್ನು ದಿನವಿಡೀ ಬಳಸುವವರನ್ನು ಯಾವ ಹಂತದಲ್ಲಿ ಕರೆಯಬೇಕು ಎಂಬುದು ಸಾಫ್ಟ್‌ವೇರ್ ಕೆಲಸದಲ್ಲಿರುವ ನಮ್ಮಂಥವರಿಗೆ ಸಭೆಯ ಮೇಲೆ ಸಭೆ ನಡೆದರೂ ಇತ್ಯರ್ಥವಾಗದ ಪ್ರಶ್ನೆ. ಅಮೆರಿಕದ ವಾಯು ಸಂಚಾರ ನಿಯಂತ್ರಣದ ಇತಿಹಾಸ ಓದಿದಾಗಲೆಲ್ಲ, ಇದೇ ಪ್ರಶ್ನೆಗೆ ಅಲ್ಲಿನವರು ಎಷ್ಟು ದುಬಾರಿಯಾಗಿ ಉತ್ತರ ಕಂಡುಕೊಂಡರು ಎನಿಸುತ್ತದೆ.

1996ರಲ್ಲಿ ಅಲ್ಲಿನ ವಿಮಾನಯಾನ ಆಡಳಿತವಾದ ಎಫ್‌ಎಎ, ವಿಮಾನ ನಿಲ್ದಾಣಗಳ ಸುತ್ತಲಿನ ಆಕಾಶವನ್ನು ನೋಡಿಕೊಳ್ಳುವ ಕೇಂದ್ರಗಳಿಗಾಗಿ ‘ಸ್ಟಾರ್ಸ್’ ಎಂಬ ವ್ಯವಸ್ಥೆಯ ಗುತ್ತಿಗೆಯನ್ನು ರೇಥಿಯಾನ್ ಕಂಪನಿಗೆ ಕೊಟ್ಟಿತು. ಬಹುಮಟ್ಟಿಗೆ ಸಿದ್ಧವಿರುವುದನ್ನೇ ಕೊಂಡರೆ ಕೆಲಸ ಬೇಗ ಮುಗಿಯುತ್ತದೆ ಎಂಬುದು ಲೆಕ್ಕಾಚಾರ. ಮರುವರ್ಷ ನಿಯಂತ್ರಕರು ತಕರಾರು ತೆಗೆದರು. ಪರದೆಯ ಮೇಲೆ ತೆರೆದುಕೊಳ್ಳುವ ಕಿಟಕಿಗಳು ಅಪಾರದರ್ಶಕವಾಗಿದ್ದು, ಅವುಗಳ ಹಿಂದಿರುವ ವಿಮಾನದ ಗುರುತೇ ಮುಚ್ಚಿಹೋಗುವಂತಿತ್ತು. ಹಳೆಯ ಸಲಕರಣೆಯಲ್ಲಿ ಪರದೆಯಿಂದ ಕಣ್ಣು ಕೀಳದೆ, ಬೆರಳಿನಿಂದ ತಡವಿ ತಿರುಗಿಸಬಹುದಾಗಿದ್ದ ಗುಂಡಿಗಳ ಜಾಗಕ್ಕೆ ಮೆನುಗಳು ಬಂದಿದ್ದವು. ವಿನ್ಯಾಸಕಾರನಿಗೆ ಇದು ಅಂದಚಂದದ ಮಾತಾಗಿ ಕಾಣಬಹುದು. ಸಾಲುಸಾಲಾಗಿ ಇಳಿಯುತ್ತಿರುವ ವಿಮಾನಗಳ ನಡುವೆ ಅಂತರ ಕಾಯುವವರಿಗೆ ಮೆನು ಹುಡುಕುವ ಎರಡು ಸೆಕೆಂಡು ಸಣ್ಣದಲ್ಲ. ಕೊನೆಗೆ ವಿನ್ಯಾಸವನ್ನು ತಿದ್ದಲಾಯಿತು, ವೇಳಾಪಟ್ಟಿಯೂ ವೆಚ್ಚವೂ ಬೆಳೆದವು.

ಪಾಠ ಕಲಿತಂತಾಯಿತೇ ಎಂದರೆ, ಇಲ್ಲ. ದೂರಮಾರ್ಗದ ವಿಮಾನಗಳನ್ನು ನಿಯಂತ್ರಿಸುವ 20 ಕೇಂದ್ರಗಳಿಗೆ ‘ಇರಾಮ್’ ವ್ಯವಸ್ಥೆ 2010ರ ಕೊನೆಗೆ ಬರಬೇಕಿತ್ತು. ಮೊದಲು ಅಳವಡಿಸಿದ ಸಾಲ್ಟ್ ಲೇಕ್ ಸಿಟಿ ಮತ್ತು ಸಿಯಾಟಲ್ ಕೇಂದ್ರಗಳಲ್ಲಿ, ಒಂದು ವಿಮಾನದ ವಿವರಪಟ್ಟಿ ಮತ್ತೊಂದು ವಿಮಾನಕ್ಕೆ ಅಂಟಿಕೊಳ್ಳುವಂಥ ದೋಷಗಳು ಕಾಣಿಸಿಕೊಂಡವು. ಪ್ರಯೋಗಾಲಯದ ಪರೀಕ್ಷೆಗಳಲ್ಲಿ ಸಿಗದ ತೊಂದರೆಗಳು ನಿಜವಾದ ಸಂಚಾರದಲ್ಲಿ ಎದುರಾದವು. ವಿಳಂಬಕ್ಕೆ ಇದೊಂದೇ ಕಾರಣವಲ್ಲವಾದರೂ, ಬಳಸುವವರನ್ನು ಸಾಕಷ್ಟು ತೊಡಗಿಸಿಕೊಳ್ಳದಿದ್ದುದೂ ಒಂದು ಕಾರಣವೆಂದು ಅಮೆರಿಕ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆಯೇ ಹೇಳಿತು. 2006ರಲ್ಲಿ ನಿಯಂತ್ರಕರ ಕೆಲಸದ ಒಪ್ಪಂದದ ಮಾತುಕತೆ ಮುರಿದುಬಿದ್ದು, ಎಫ್‌ಎಎ ತನ್ನ ಷರತ್ತುಗಳನ್ನು ನಿಯಂತ್ರಕರ ಮೇಲೆ ಹೇರಿದ್ದ ಕಾಲದ ನೆರಳು ಇದರ ಮೇಲೆ ಬಿದ್ದಿತ್ತೆಂಬುದು ನನ್ನ ಅಂದಾಜು. 2009ರ ಹೊಸ ಒಪ್ಪಂದದ ನಂತರ ಅವರ ಸಂಘಟನೆಯಾದ ‘ನಾಟ್ಕಾ’ದ ಪ್ರತಿನಿಧಿಗಳು ಯೋಜನೆಗಳೊಳಗೆ ಮರಳಿದರು, ಇರಾಮ್ ಪೂರ್ತಿಯಾಗಿದ್ದು 2015ರಲ್ಲಿ.

ಒಕ್ಕೂಟದವರ ಮಾತೆಲ್ಲ ವೇದವಾಕ್ಯವೆಂದು ನಾನು ಹೇಳುತ್ತಿಲ್ಲ. ಹಳೆಯ ರೂಢಿಯ ಮೋಹ ಅವರಿಗೂ ಇದ್ದೇ ಇರುತ್ತದೆ. ಆದರೆ 2008ರಲ್ಲಿ ಆರಂಭವಾದ ‘ಆಟ್ಸಾಪ್’ ನೋಡಿ: ಅದರಲ್ಲಿ ನಿಯಂತ್ರಕರು ತಮ್ಮ ತಪ್ಪುಗಳನ್ನೂ ಕಂಡ ಅಪಾಯಗಳನ್ನೂ ಸ್ವಯಂಪ್ರೇರಿತರಾಗಿ ವರದಿ ಮಾಡುತ್ತಾರೆ, ಉದ್ದೇಶಪೂರ್ವಕವಲ್ಲದ ತಪ್ಪಿಗೆ ಶಿಕ್ಷೆಯಿಲ್ಲ, ಪರಿಶೀಲನಾ ಸಮಿತಿಯಲ್ಲಿ ಆಡಳಿತದವರ ಜೊತೆಗೆ ನಾಟ್ಕಾದವರೂ ಕೂರುತ್ತಾರೆ. ಯಂತ್ರದ ಯಾವ ಗುಣ ಯಾರನ್ನು ಎಲ್ಲಿ ಎಡವಿಸಿತು ಎಂಬ ಮಾಹಿತಿ ಇಷ್ಟು ಸಲೀಸಾಗಿ ಬೇರೆಲ್ಲಿಂದ ಸಿಕ್ಕೀತು?

2025ರ ಜನವರಿಯಲ್ಲಿ ವಾಷಿಂಗ್ಟನ್ ಬಳಿ ವಿಮಾನ ಮತ್ತು ಹೆಲಿಕಾಪ್ಟರ್ ಡಿಕ್ಕಿಯಾದ ನಂತರ, ಇಡೀ ನಿಯಂತ್ರಣ ವ್ಯವಸ್ಥೆಯನ್ನೇ ಕೆಲವೇ ವರ್ಷಗಳಲ್ಲಿ ಬದಲಿಸುವ ಯೋಜನೆ ಅಲ್ಲಿ ಘೋಷಣೆಯಾಗಿದೆ. ಸ್ಟಾರ್ಸ್ ಕೂಡ ಅವಸರದಲ್ಲೇ ಹುಟ್ಟಿದ್ದರಿಂದ, ಈ ಸಲ ಗಡುವಿಗಿಂತ ಹೆಚ್ಚಾಗಿ ವಿನ್ಯಾಸದ ಮೇಜಿನ ಸುತ್ತ ಯಾರು ಕುಳಿತಿದ್ದಾರೆ ಎಂಬುದನ್ನೇ ನಾನು ಗಮನಿಸುತ್ತಿದ್ದೇನೆ.